ನೀರು ಬೀಳುವ ಮೊದಲು: ಖಾರದ ಕೋಳಿ ಸಾರಿನ ಕೆಲಸ ನಡೆಯುವ ಬಗೆ

ಭಾನುವಾರ ಬೆಳಿಗ್ಗೆ ಕಲಬುರಗಿಯ ಸ್ಟೇಶನ್ ಬಜಾರದ ಕಡೆ ಕೋಳಿ ತರಲು ಹೋದವರಿಗೆ ಅಂಗಡಿಯವನು ಕೇಳುವುದು ಎರಡೇ ಮಾತು. "ಸಾರಿಗೇನ್ರಿ, ಸುಕ್ಕಾಕ್ಕೇನ್ರಿ? ಸ್ಕಿನ್ ತಗೀಲೇನು, ಇರ್ಲೇನು?" ಹಿಂದೆ ಜನ ನಿಂತಿರುತ್ತಾರೆ, ಉತ್ತರ ಥಟ್ಟನೆ ಬರಬೇಕು. ಬಹಳಷ್ಟು ಮಂದಿ ಯೋಚಿಸದೆ "ಸಾರಿಗ್ರಿ, ಸ್ಕಿನ್ ತಗೀರಿ" ಎಂದು ಹೇಳಿ ರೊಕ್ಕ ಎಣಿಸತೊಡಗುತ್ತಾರೆ. ಮನೆಯಲ್ಲಿ ಸಾರು ಹೇಗಾದೀತು ಎಂಬುದರ ಒಂದು ಪಾಲು ಮಾತ್ರ ಅಲ್ಲೇ, ಆ ಮರದ ತುಂಡಿನ ಮೇಲೆಯೇ ತೀರ್ಮಾನವಾಗಿರುತ್ತದೆ.

ಸಾರಿಗೆ ಎಂದರೆ ಮೂಳೆ ಸಮೇತ, ನಡುವಿನ ಗಾತ್ರದ ಹೋಳು. ಸುಕ್ಕಾಕ್ಕಾದರೆ ಇನ್ನೂ ಸಣ್ಣದು. ಎಸರಿಗೆ ಮೈ ಕೊಡುವುದು ಮೂಳೆ ಮತ್ತು ಕೀಲಿನ ಸುತ್ತಲಿನ ಅಂಟು. ಆದ್ದರಿಂದ ಬೋನ್‌ಲೆಸ್ ತಂದು ಸಾರು ಮಾಡುವುದೆಂದರೆ ಅರ್ಧ ರುಚಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ. ಜೀವಂತ ಕೋಳಿ ತೂಗಿಸಿದರೆ ಲೆಕ್ಕ ಬೇರೆ. ಸ್ಕಿನ್, ಒಳಭಾಗ ಎಲ್ಲ ಹೋಗಿ ಒಂದೂವರೆ ಕಿಲೋದ ಹಕ್ಕಿಯಿಂದ ಕೈಗೆ ಬರುವುದು ಹೆಚ್ಚುಕಡಿಮೆ ಒಂದು ಕಿಲೋ.

ಬಾಯ್ಲರ್ ಕೋಳಿಯೋ ಜವಾರಿ ಕೋಳಿಯೋ ಎಂಬುದು ಬರೀ ರುಚಿಯ ಪ್ರಶ್ನೆಯಲ್ಲ, ಸಮಯದ ಪ್ರಶ್ನೆ. ಬಾಯ್ಲರ್ ಕೋಳಿ ಆರೇಳು ವಾರದೊಳಗೆ ಕತ್ತಿಗೆ ಬರುತ್ತದೆ. ಮಾಂಸ ಎಳೆಯದು, ಇಪ್ಪತ್ತೈದು ನಿಮಿಷದಲ್ಲಿ ಬೆಂದು ಮುಗಿಯುತ್ತದೆ, ಸ್ವಂತ ರುಚಿ ಕಡಿಮೆ. ಕಮಲಾಪುರದ ಸುತ್ತಲಿನ ಹಳ್ಳಿಗಳಂಥ ಕಡೆ ಹಿತ್ತಲಲ್ಲಿ ಕೆದರಿ ತಿಂದು ತಿಂಗಳುಗಟ್ಟಲೆ ಬೆಳೆದ ಜವಾರಿ ಕೋಳಿಯ ಸ್ನಾಯು ಗಟ್ಟಿ. ಅದರೊಳಗಿನ ಕೊಲಾಜನ್ ನಿಧಾನವಾಗಿ ಕರಗಿ ಜಿಲಾಟಿನ್ ಆಗುವ ತನಕ ಹಲ್ಲಿಗೆ ಬಗ್ಗುವುದಿಲ್ಲ. ಕರಗಿದ ಮೇಲೆ ಬರುವ ಎಸರಿಗೆ ಬಾಯ್ಲರ್ ಕೋಳಿ ಎಂದೂ ಸಾಟಿಯಾಗದು. ಆದರೆ ವಾರದ ನಡುವೆ, ರಾತ್ರಿ ಎಂಟಕ್ಕೆ ಒಲೆ ಹಚ್ಚುವವರಿಗೆ ಬಾಯ್ಲರೇ ಸರಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಖಾರದ ಸಾರು ಕೆಟ್ಟಿತೆಂದರೆ ದೂರು ಎರಡರಲ್ಲೊಂದು. "ಬಾಯಿ ಉರೀತದ, ರುಚಿ ಮಾತ್ರ ಇಲ್ಲ" ಎನ್ನುವುದು ಒಂದು. ಮಸಾಲೆ ಒಂದು ಕಡೆ, ನೀರು ಒಂದು ಕಡೆ, ಕೋಳಿ ಸಪ್ಪೆ ಎನ್ನುವುದು ಇನ್ನೊಂದು. ಎರಡಕ್ಕೂ ಸಾಮಾನ್ಯವಾಗಿ ಕಾರಣ ಒಂದೇ: ನೀರು ಬೇಗ ಬಿತ್ತು. ಮೆಣಸಿನಕಾಯಿಯ ಉರಿ ಕ್ಯಾಪ್ಸೈಸಿನ್ ಎಂಬ ವಸ್ತುವಿನದು, ಕೆಂಪು ಬಣ್ಣ ಕ್ಯಾಪ್ಸಾಂಥಿನ್ ಮತ್ತು ಅದರ ಬಳಗದ್ದು. ಎರಡೂ ಎಣ್ಣೆಯಲ್ಲಿ ಕರಗುತ್ತವೆ, ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಲವಂಗ, ಚಕ್ಕೆ, ಯಾಲಕ್ಕಿಗಳ ಘಮವೂ ಬಹುಮಟ್ಟಿಗೆ ಎಣ್ಣೆಯ ಜಾತಿಯದೇ. ಜೊತೆಗೆ ಇನ್ನೊಂದು ಸಂಗತಿ: ಪಾತ್ರೆಯಲ್ಲಿ ನೀರು ನಿಂತಿರುವ ತನಕ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಉಳ್ಳಾಗಡ್ಡಿ ಕಂದು ಬಣ್ಣಕ್ಕೆ ತಿರುಗಿ ಸಿಹಿಗೂಡುವ, ಕೊಬ್ರಿ ಘಮ್ಮೆನ್ನುವ ಕೆಲಸ ಚುರುಕಾಗಿ ನಡೆಯುವುದು ಅದಕ್ಕಿಂತ ಬಹಳ ಮೇಲೆ. ಹೀಗಾಗಿ ಸಾರಿನ ನಿಜವಾದ ದುಡಿಮೆಯೆಲ್ಲ ನೀರು ಬೀಳುವ ಮೊದಲೇ ಮುಗಿದಿರಬೇಕು. ಆಮೇಲಿನದು ಬರೀ ಕುದಿಸುವುದು.

ಮೊದಲು ಮೆಣಸಿನಕಾಯಿ. ಒಂದೇ ಜಾತಿಯಿಂದ ಬಣ್ಣವನ್ನೂ ಉರಿಯನ್ನೂ ಪಡೆಯಲು ಹೋದರೆ ಒಂದಲ್ಲ ಒಂದು ಕೈಕೊಡುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮೈತುಂಬ ಸುಕ್ಕು, ಕಡುಗೆಂಪು, ಉರಿ ಕಡಿಮೆ. ಅದರ ಬಣ್ಣವನ್ನು ಹಿಂಡಿ ತೆಗೆದು ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಬಳಸುತ್ತಾರೆ ಎಂದರೆ ಬಣ್ಣ ಎಂಥದ್ದಿರಬೇಕು ಲೆಕ್ಕ ಹಾಕಿ. ಗುಂಟೂರಿನದು ನುಣುಪು ಸಿಪ್ಪೆಯದು, ಬಣ್ಣ ಸುಮಾರು, ಉರಿ ಮಾತ್ರ ಬ್ಯಾಡಗಿಗೆ ಎಷ್ಟೋ ಪಟ್ಟು ಹೆಚ್ಚು. ಮನೆ ಸಾರಿಗೆ ಎರಡು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ಎನ್ನುವುದು ಸುರಕ್ಷಿತ ಹದ. ಇನ್ನೂ ಖಾರ ಬೇಕೆನ್ನುವವರು ಗುಂಟೂರನ್ನು ಏರಿಸಿಕೊಳ್ಳಲಿ, ಬ್ಯಾಡಗಿಯನ್ನು ಇಳಿಸಬೇಡಿ. ಉರಿ ಇರುವುದು ಬೀಜದಲ್ಲಿ ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ಕೂಡಿಕೊಂಡಿರುವುದು ಬೀಜ ಅಂಟಿಕೊಂಡ ಬಿಳಿ ನಾರಿನಲ್ಲಿ. ಬೀಜಕ್ಕೆ ಬರುವುದು ಆ ನಾರಿನ ಸಹವಾಸದಿಂದ. ಉರಿ ತಗ್ಗಿಸಬೇಕಾದರೆ ಕಾಯಿ ಸೀಳಿ ನಾರನ್ನೂ ಬೀಜವನ್ನೂ ಕೊಡವಿ ತೆಗೆದರೆ ಸಾಕು, ಬಣ್ಣ ಹೋಗುವುದಿಲ್ಲ.

ಈ ಭಾಗದ ಮನೆಗಳಲ್ಲಿ ಬೇಸಿಗೆ ಬಂದರೆ ವರ್ಷಕ್ಕಾಗುವಷ್ಟು ಮಸಾಲಿ ಖಾರ ಮಾಡಿಸಿಡುವ ರೂಢಿಯಿದೆ. ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಗರಿಗರಿ ಒಣಗಿಸಿ, ಹವೀಜ, ಜೀರಿಗೆ, ಕೊಬ್ರಿ, ಬಳ್ಳೊಳ್ಳಿ, ಗರಂ ಮಸಾಲೆ ಸಾಮಾನನ್ನೆಲ್ಲ ಹುರಿದು, ಗಿರಣಿಯಲ್ಲಿ ಕುಟ್ಟಿಸಿ ಬರಣಿಗೆ ತುಂಬುತ್ತಾರೆ. ಮೇಲೊಂದು ಇಂಗಿನ ಹರಳು ಇಡುವವರೂ ಉಂಟು. ಬೇಸಿಗೆಯೇ ಏಕೆಂದರೆ ತೇವ ಉಳಿದ ಮೆಣಸಿನಕಾಯಿಗೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಹೊಟ್ಟೆಗೆ ವಿಷ. ಕಲಬುರಗಿಯ ಏಪ್ರಿಲ್ ಬಿಸಿಲು ಈ ಒಂದು ವಿಷಯದಲ್ಲಾದರೂ ಉಪಕಾರಿ. ಮನೆಯಲ್ಲಿ ಮಸಾಲಿ ಖಾರ ಇದ್ದರೆ ಕೆಳಗೆ ಹೇಳುವ ಹುರಿದ ಸಾಮಾನನ್ನು ಅರ್ಧಕ್ಕೆ ಇಳಿಸಿ. ಇಲ್ಲವಾದರೆ ಲವಂಗವೇ ಎದ್ದು ನಿಲ್ಲುತ್ತದೆ. ಬಿಡಿ ಖಾರದ ಪುಡಿ ಕೊಂಡವರು ಒಂದು ಚಿಟಿಕೆಯನ್ನು ಗಾಜಿನ ಲೋಟದ ನೀರಿನ ಮೇಲೆ ಉದುರಿಸಿ ನೋಡಿ. ಅಲುಗಾಡಿಸದೆಯೇ ಬಣ್ಣದ ಗೆರೆಗಳು ಕೆಳಗಿಳಿದರೆ ಅದರಲ್ಲಿ ಹೊರಗಿನ ಬಣ್ಣ ಬೆರೆತಿದೆ. ಮೆಣಸಿನಕಾಯಿಯ ಸ್ವಂತ ಬಣ್ಣ ನೀರಿಗೆ ಹಾಗೆ ಇಳಿಯುವುದಿಲ್ಲ, ಕಾರಣ ಆಗಲೇ ಹೇಳಿದ್ದೇ.

ಈ ಖಾರ ನಮ್ಮ ಊರಿನದೇ ಎಂದು ಎದೆ ತಟ್ಟಿಕೊಳ್ಳುವ ಮೊದಲು ಒಂದು ಮಾತು. 1347ರಲ್ಲಿ ಬಹಮನಿ ಸುಲ್ತಾನರು ಇಲ್ಲಿ ರಾಜಧಾನಿ ಕಟ್ಟಿದಾಗ ಕೋಟೆಯ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲು ಸಾಧ್ಯವೇ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗು ಹತ್ತಿ ಭಾರತಕ್ಕೆ ಬಂದದ್ದು 1498ರ ನಂತರ. ಅಷ್ಟರಲ್ಲಿ ರಾಜಧಾನಿ ಬೀದರಿಗೆ ಹೋಗಿ ಎಷ್ಟೋ ದಶಕಗಳು ಕಳೆದಿದ್ದವು. ಅಲ್ಲಿಯವರೆಗೆ ಅಡುಗೆಗೆ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಇವತ್ತಿಗೂ ಸಾರಿಗೆ ಹತ್ತು ಕಾಳು ಕರಿಮೆಣಸು ಹಾಕಿದರೆ ಗಂಟಲಿನ ಹಿಂದೆ ಬೇರೆಯೇ ಒಂದು ಬಿಸಿ ಹತ್ತುತ್ತದೆ. ನನಗಂತೂ ಅದಿಲ್ಲದ ಕೋಳಿ ಸಾರು ಅರ್ಧ ಸಾರು.

ಅಳತೆಗೆ ಬರೋಣ. ಒಂದು ಕಿಲೋ ಕೋಳಿಗೆ ನಡುಗಾತ್ರದ ನಾಲ್ಕು ಉಳ್ಳಾಗಡ್ಡಿ, ಅಂಗೈಯರ್ಧದಷ್ಟು ಒಣ ಕೊಬ್ರಿ, ಹದಿನೈದು ಎಸಳು ಬಳ್ಳೊಳ್ಳಿ, ಎರಡು ಬೆರಳುಗಂಟಿನಷ್ಟು ಹಸಿ ಶುಂಠಿ. ಹವೀಜ ಎರಡು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಗಸಗಸೆ ಮತ್ತು ಎಳ್ಳು ಒಂದೊಂದು ದೊಡ್ಡ ಚಮಚ. ನಾಲ್ಕು ಲವಂಗ, ಒಂದು ಬೆರಳುಗಂಟು ಚಕ್ಕೆ, ಎರಡು ಯಾಲಕ್ಕಿ, ಹತ್ತು ಕಾಳು ಮೆಣಸು, ಒಂದು ಚೂರು ಕಲ್ಲುಹೂ. ಬ್ಯಾಡಗಿ ಹತ್ತು, ಗುಂಟೂರು ಐದು. ಮಾಗಿದ ಟೊಮ್ಯಾಟೊ ಒಂದು, ಎರಡಾದರೆ ಹುಳಿ ಮುಂದಾಗುತ್ತದೆ. ಎಣ್ಣೆ ಆರು ದೊಡ್ಡ ಚಮಚ. ಆರು ಕೇಳಿ ಹೌಹಾರಬೇಡಿ. ಖಾರ ಕರಗಲು ಜಾಗ ಬೇಕು. ಕೊನೆಗೆ ಬೇಡವೆನಿಸಿದರೆ ಮೇಲಿನ ಕೆಂಪು ಎಣ್ಣೆಯನ್ನು ಸೌಟಿನಿಂದ ತೆಗೆದಿಟ್ಟು ಮರುದಿನ ಮೊಟ್ಟೆಗೋ ಪಲ್ಯಕ್ಕೋ ಬಳಸಬಹುದು. ಶೇಂಗಾ ಎಣ್ಣೆಯಾದರೆ ಒಳ್ಳೆಯದು, ಕುಸುಬಿ ಎಣ್ಣೆಯೂ ನಡೆಯುತ್ತದೆ.

ಕೋಳಿಯನ್ನು ತೊಳೆಯದೆ ಒಲೆಗೇರಿಸಿ ಎಂದರೆ ನಮ್ಮ ಮನೆಗಳಲ್ಲಿ ಯಾರೂ ಒಪ್ಪುವುದಿಲ್ಲ. ತೊಳೆಯುವುದಾದರೆ ನಲ್ಲಿಯ ಕೆಳಗೆ ಹಿಡಿಯಬೇಡಿ. ಹಾರುವ ಹನಿಗಳ ಜೊತೆ ಹಸಿ ಮಾಂಸದ ರೋಗಾಣುಗಳು ಪಕ್ಕದ ಕೊತ್ತಂಬರಿ ಕಟ್ಟಿನ ತನಕ ಹೋಗುತ್ತವೆ, ಕೊತ್ತಂಬರಿಯನ್ನು ನಾವು ಬೇಯಿಸದೆ ಮೇಲೆ ಉದುರಿಸುತ್ತೇವೆ. ಆಳವಾದ ಬೋಗುಣಿಯಲ್ಲಿ ನೀರು ತುಂಬಿ, ಅದರೊಳಗೇ ಅದ್ದಿ ತೆಗೆದು, ಆಮೇಲೆ ಸಿಂಕು, ಕೈ ಎರಡನ್ನೂ ಸಾಬೂನು ಹಾಕಿ ತೊಳೆಯಿರಿ. ನೀರು ಪೂರ್ತಿ ಬಸಿದ ಮೇಲೆ ಅರಿಷಿಣ, ಎರಡು ಸಣ್ಣ ಚಮಚ ಉಪ್ಪು, ಶುಂಠಿ-ಬಳ್ಳೊಳ್ಳಿ ಅರೆದದ್ದರಲ್ಲಿ ಅರ್ಧ ಹಚ್ಚಿ ಅರ್ಧ ಗಂಟೆ ಇಡಿ. ಈ ಅರ್ಧ ಗಂಟೆ ಮುಖ್ಯ. ಮಸಾಲೆಯ ರುಚಿ ಮಾಂಸದ ಮೇಲ್ಮೈ ದಾಟಿ ಒಳಗೆ ಹೋಗುವುದು ಅಪರೂಪ, ಒಳಗಿಳಿಯುವುದು ಉಪ್ಪು ಮಾತ್ರ. ಕೋಳಿ ಸಪ್ಪೆ ಎಂಬ ದೂರಿಗೆ ಪರಿಹಾರ ಇಲ್ಲಿಯೇ ಇದೆ. ಬೇಸಿಗೆಯಲ್ಲಿ ಇದನ್ನು ಫ್ರಿಜ್ಜಿನಲ್ಲೇ ಇಡಿ.

ಇನ್ನು ಹುರಿಯುವುದು. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಜೀರಿಗೆ ಕರಕಲಾಗುವ ಹೊತ್ತಿಗೆ ಹವೀಜ ಹಸಿಯಾಗಿಯೇ ಇರುತ್ತದೆ. ದಪ್ಪನೆಯದು ಮೊದಲು: ಹವೀಜ, ಅದು ಬಣ್ಣ ತಿರುಗುವಾಗ ಲವಂಗ, ಚಕ್ಕೆ, ಮೆಣಸು, ಕೊನೆಯ ಅರ್ಧ ನಿಮಿಷಕ್ಕೆ ಜೀರಿಗೆ. ಎಳ್ಳು ಮತ್ತು ಗಸಗಸೆ ಬೇರೆಯಾಗಿ, ಎಳ್ಳು ಚಟಪಟ ಎಂದ ಕೂಡಲೇ ಇಳಿಸಬೇಕು. ಒಣ ಮೆಣಸಿನಕಾಯಿಗೆ ನಾಲ್ಕು ಹನಿ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಹುರಿದರೆ ಉಬ್ಬಿ ಗರಿಯಾಗುತ್ತದೆ. ಅಕ್ಕಪಕ್ಕದ ಮನೆಯವರೂ ಕೆಮ್ಮತೊಡಗಿದರೆ ಅದು ಸುಟ್ಟಿತೆಂದೇ ತಿಳಿಯಿರಿ, ಆ ಕಹಿಯನ್ನು ಯಾವ ಮಸಾಲೆಯೂ ಮುಚ್ಚಲಾರದು.

ಮೆಣಸಿನಕಾಯಿ ಸುಡಬಾರದು. ಉಳ್ಳಾಗಡ್ಡಿ ಮಾತ್ರ ಸುಡಲೇಬೇಕು. ನಮ್ಮ ಕಡೆಯ ಸಾರು ಬೆಂಗಳೂರು ಕಡೆಯ ಹಸಿ ತೆಂಗಿನಕಾಯಿ ಸಾರಿನಿಂದ ಬೇರೆಯಾಗುವುದೇ ಈ ಹೆಜ್ಜೆಯಲ್ಲಿ. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ನೇರವಾಗಿ ಗ್ಯಾಸಿನ ಉರಿಯ ಮೇಲೆ, ಒಂದು ಜಾಳಿಗೆಯಿಟ್ಟು ಕೂಡಿಸಿ. ಮೊದಲು ಹೊರಸಿಪ್ಪೆ ಕಾಗದದಂತೆ ಹತ್ತಿ ಉರಿದು ಬೂದಿಯಾಗುತ್ತದೆ. ಆಮೇಲೆ ಎರಡನೆಯ ಪದರ ಕಪ್ಪಾಗಿ, ಬುಡದಿಂದ ನೊರೆನೊರೆಯಾಗಿ ರಸ ಜಿನುಗಿ, ಅದು ಉರಿಗೆ ಬಿದ್ದು ಚುರ್ ಎನ್ನತೊಡಗುತ್ತದೆ. ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತ ಹತ್ತು ಹನ್ನೆರಡು ನಿಮಿಷ ಬಿಟ್ಟರೆ ಒತ್ತಿದಾಗ ಮೆತ್ತಗಾಗಿರುತ್ತದೆ. ತಣಿದ ಮೇಲೆ ಕಪ್ಪು ಪದರವನ್ನು ಕೈಯಿಂದ ಉಜ್ಜಿ ತೆಗೆದರಾಯಿತು. ನೀರಿನಲ್ಲಿ ತೊಳೆದರೆ ಹೊಗೆಯ ಘಮವೂ ತೊಳೆದುಹೋಗುತ್ತದೆ. ಕೊಬ್ರಿಯ ಬಟ್ಟಲನ್ನೂ ಇಕ್ಕಳದಲ್ಲಿ ಹಿಡಿದು ಅಂಚು ಕೆಂಪೇರುವಂತೆ ಸುಡಿ. ಅದರಲ್ಲಿ ಎಣ್ಣೆಯ ಅಂಶ ಬಹಳ, ಬೆಂಕಿ ಹತ್ತಿಕೊಂಡರೆ ಊದಿ ಆರಿಸಿ. ಹಳೆಯ ಕೊಬ್ರಿಯಾಗಿದ್ದರೆ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಮಟಾಗಿದ್ದರೆ ಸುಟ್ಟರೂ ಕಮಟೇ. ಇಂಡಕ್ಷನ್ ಒಲೆಯವರು ಇದನ್ನೆಲ್ಲ ಕಬ್ಬಿಣದ ತವೆಯ ಮೇಲೆ ಎಣ್ಣೆಯಿಲ್ಲದೆ ಮಾಡಬಹುದು. ಹೊಗೆಯ ವಾಸನೆ ಸ್ವಲ್ಪ ಕಡಿಮೆಯಾದೀತು, ಅಷ್ಟೇ.

ಸುಟ್ಟ ಉಳ್ಳಾಗಡ್ಡಿ, ಕೊಬ್ರಿ, ಹುರಿದ ಸಾಮಾನು, ಮೆಣಸಿನಕಾಯಿ ಎಲ್ಲ ಸೇರಿಸಿ ನುಣ್ಣಗೆ ಅರೆಯಿರಿ. ಗಸಗಸೆ ಇದ್ದರೆ ಒಣದಾಗಿಯೇ ಮೊದಲು ಪುಡಿ ಮಾಡಿಕೊಳ್ಳುವುದು ಜಾಣತನ. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಈಗ ಹಾಕಿದ ನೀರನ್ನೆಲ್ಲ ಮುಂದೆ ಒಲೆಯ ಮುಂದೆ ನಿಂತು ಆರಿಸಬೇಕು.

ತಳ ದಪ್ಪಗಿರುವ ಪಾತ್ರೆಯಲ್ಲಿ ಎಣ್ಣೆ ಕಾಯಲಿ. ಕಲ್ಲುಹೂವನ್ನೂ ಯಾಲಕ್ಕಿಯನ್ನೂ ಹಾಕಿ. ಕಲ್ಲುಹೂ ಹೂವೇನಲ್ಲ, ಕಲ್ಲು-ಮರಗಳ ಮೇಲೆ ಶಿಲೀಂಧ್ರವೂ ಪಾಚಿಯೂ ಕೂಡಿ ಬೆಳೆಯುವ ಒಂದು ಬಗೆಯ ಲೈಕೆನ್. ಹಸಿಯಾಗಿ ಮೂಸಿದರೆ ಏನೂ ಗೊತ್ತಾಗದು, ಬಿಸಿ ಎಣ್ಣೆ ತಾಗಿದಾಗ ಮಾತ್ರ ಮಣ್ಣಿನ ಘಮ ಬಿಡುತ್ತದೆ. ಉಳಿದ ಎರಡು ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ ಸುರಿಯಿರಿ. ಉಳ್ಳಾಗಡ್ಡಿಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಭಾಗ ನೀರು. ಆ ನೀರು ಹೋಗುವ ತನಕ ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಚಿಟಿಕೆ ಉಪ್ಪು ಹಾಕಿದರೆ ನೀರು ಬೇಗ ಬಿಡುತ್ತದೆ. ಕಂದು ಬಣ್ಣಕ್ಕೆ ಬರಲು ಹದಿನೈದು ನಿಮಿಷವಾದರೂ ಬೇಕು, ಪುಸ್ತಕಗಳಲ್ಲಿ ಬರೆಯುವ ಐದು ನಿಮಿಷವನ್ನು ನಂಬಬೇಡಿ. ಉಳಿದ ಶುಂಠಿ-ಬಳ್ಳೊಳ್ಳಿ ಹಾಕಿ ಹಸಿ ವಾಸನೆ ಹೋದ ಮೇಲೆ ಟೊಮ್ಯಾಟೊ, ಅದು ಕರಗಿದ ಮೇಲೆ ಅರೆದ ಮಸಾಲೆ. ಇಲ್ಲಿಂದ ಉರಿ ಸಣ್ಣಗಿರಲಿ.

ಮೊದಲು ಮಸಾಲೆ ಎಣ್ಣೆಯನ್ನೆಲ್ಲ ಹೀರಿಕೊಂಡು ಒಣಗಿದ ಮುದ್ದೆಯಂತಾಗುತ್ತದೆ, ಎಣ್ಣೆ ಸಾಲಲಿಲ್ಲವೇನೋ ಎನಿಸುತ್ತದೆ. ಹಾಕಬೇಡಿ. ಒಳಗಿನ ನೀರು ಆರುವ ತನಕ ಎಣ್ಣೆ ಅದರಲ್ಲಿ ಸಣ್ಣ ಸಣ್ಣ ಹನಿಗಳಾಗಿ ಸಿಕ್ಕಿಕೊಂಡಿರುತ್ತದೆ. ತಳ ಹಿಡಿಯುವಂತಾದಾಗ ಒಂದು ಚಮಚ ಬಿಸಿನೀರು ಚಿಮುಕಿಸಿ ಕೆರೆಯುತ್ತ ಹೋಗಿ. ಹತ್ತು ನಿಮಿಷ ಕಳೆಯುವ ಹೊತ್ತಿಗೆ ಕೊತಕೊತ ಸದ್ದು ಇಳಿದು ಚಿಟಚಿಟ ಎನ್ನುವ ಸಣ್ಣ ಸದ್ದು ಹತ್ತುತ್ತದೆ, ಅಂಚಿನಲ್ಲಿ ಕೆಂಪೆಣ್ಣೆ ಹೊರಗೆ ಬಂದು ನಿಲ್ಲುತ್ತದೆ. ಎಣ್ಣೆ ಬಿಡುವುದೆಂದರೆ ಇದೇ: ನೀರು ಹೋಯಿತು, ಬಣ್ಣವೂ ಉರಿಯೂ ಎಣ್ಣೆಗೆ ಇಳಿದವು. ಕಾಯಿಯ ಬದಲು ಖಾರದ ಪುಡಿ ಅಥವಾ ಮಸಾಲಿ ಖಾರ ಬಳಸುವವರು ಅದನ್ನು ಬರಿ ಎಣ್ಣೆಗೆ ಎಂದೂ ಹಾಕಬಾರದು, ಕ್ಷಣದಲ್ಲಿ ಕಪ್ಪಾಗುತ್ತದೆ. ಟೊಮ್ಯಾಟೊ ಕರಗಿ ಇನ್ನೂ ಸ್ವಲ್ಪ ತೇವ ಇರುವಾಗ ಹಾಕಿ, ತೇವವೇ ಅದನ್ನು ಕಾಯುತ್ತದೆ.

ಈಗ ಕೋಳಿ. ನೀರು ಇನ್ನೂ ಬೇಡ. ಉರಿ ಏರಿಸಿ, ಹೋಳುಗಳ ಮೈಗೆಲ್ಲ ಮಸಾಲೆ ಹತ್ತುವಂತೆ ಎಂಟು ಹತ್ತು ನಿಮಿಷ ತಿರುವಿ. ಕೋಳಿ ತಾನೇ ನೀರು ಬಿಡುತ್ತದೆ, ಅದು ಆರಿ ಮತ್ತೆ ಎಣ್ಣೆ ಕಾಣಿಸಿಕೊಂಡಾಗ ಒಂದು ತುಂಡು ತೆಗೆದಿಟ್ಟರೆ ಸುಕ್ಕಾದ ರುಚಿ ಹತ್ತಿರ ಬಂದಿರುತ್ತದೆ. ಆಮೇಲೆ ಮೂರು ಲೋಟ ಕುದಿಯುವ ನೀರು. ತಣ್ಣೀರು ಸುರಿದರೆ ಕುದಿ ನಿಂತುಹೋಗಿ, ಮತ್ತೆ ಏಳುವ ತನಕ ಕೋಳಿ ಸುಮ್ಮನೆ ನೆನೆಯುತ್ತಿರುತ್ತದೆ. ಒಂದು ಕುದಿ ಬಂದ ಮೇಲೆ ಉರಿ ಇಳಿಸಿ, ಅರೆ ಮುಚ್ಚಿ, ಹದಿನೈದರಿಂದ ಇಪ್ಪತ್ತು ನಿಮಿಷ. ಬಾಯ್ಲರ್ ಕೋಳಿಯನ್ನು ಬುಸುಗುಡುವ ಹಾಗೆ ಕುದಿಸಿದರೆ ಎದೆಯ ಹೋಳು ನಾರಾಗುತ್ತದೆ. ಜವಾರಿ ಕೋಳಿಗೆ ಈ ಹಂತದಲ್ಲಿ ಕುಕ್ಕರ್ ಹಾಕಿದರೆ ತಪ್ಪಿಲ್ಲ. ಒತ್ತಡದಲ್ಲಿ ನೀರು ನೂರಿಪ್ಪತ್ತು ಡಿಗ್ರಿಯ ಹತ್ತಿರ ಹೋಗುವುದರಿಂದ ಐದಾರು ಸೀಟಿಗೆ ಹದ ಸಿಗುತ್ತದೆ, ಹುಂಜ ಮುದಿಯಾಗಿದ್ದರೆ ಇನ್ನೆರಡು.

ಬೆಂದದ್ದು ಹೇಗೆ ತಿಳಿಯಬೇಕು? ತೊಡೆಯ ದಪ್ಪ ಭಾಗಕ್ಕೆ ಚಾಕು ಚುಚ್ಚಿದಾಗ ಬರುವ ರಸ ತಿಳಿಯಾಗಿರಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ 74 ಡಿಗ್ರಿ. ಮೂಳೆಯ ಪಕ್ಕ ಕೆಂಪು ಕಂಡ ಮಾತ್ರಕ್ಕೆ ಹಸಿಯೆಂದು ಗಾಬರಿ ಬೇಡ. ಎಳೆ ಬಾಯ್ಲರ್ ಕೋಳಿಯ ಮೂಳೆ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತದೆ.

ಇಳಿಸಿದ ಕೂಡಲೇ ಬಡಿಸಬೇಡಿ, ಕಾಲು ಗಂಟೆ ಮುಚ್ಚಿಡಿ. ಕೆಂಪೆಣ್ಣೆ ಮೇಲೆ ಬಂದು ತೇಲುತ್ತದೆ. ಸೊಲ್ಲಾಪುರದ ಕಡೆಯವರು ತರ್ರಿ ಎಂದು ಕೇಳಿ ಹಾಕಿಸಿಕೊಳ್ಳುವುದು ಇದನ್ನೇ. ಖಾರ ಕಡಿಮೆ ತಿನ್ನುವವರಿಗೆ ಸೌಟನ್ನು ತಳದಿಂದ ತುಂಬಿ, ಹೆಚ್ಚು ಬೇಕೆನ್ನುವವರಿಗೆ ಮೇಲಿನಿಂದ. ಒಂದೇ ಪಾತ್ರೆಯಲ್ಲಿ ಎರಡು ಖಾರ ಸಿಗುತ್ತದೆ.

ಕೈ ಮೀರಿ ಖಾರವಾದರೆ ನೀರು ಹೊಯ್ಯುವುದು ವ್ಯರ್ಥ, ಸಾರು ತೆಳುವಾದೀತು, ಎಣ್ಣೆಯ ಉರಿ ಹಾಗೇ ಉಳಿದೀತು. ಹುರಿದ ಶೇಂಗಾ ಪುಡಿಯನ್ನೋ ಎಳ್ಳಿನ ಪುಡಿಯನ್ನೋ ಎರಡು ಚಮಚ ಕಲಸಿ ಹಾಕಿದರೆ ಅದರ ಕೊಬ್ಬು ಒಂದಿಷ್ಟು ಖಾರವನ್ನು ಹಿಡಿದುಕೊಳ್ಳುತ್ತದೆ. ಉಪ್ಪು ಹೆಚ್ಚಾದದ್ದಕ್ಕೆ ಆಲೂಗಡ್ಡೆ ಹಾಕುವ ಉಪಾಯ ಎಲ್ಲರಿಗೂ ಗೊತ್ತು. ಆಲೂಗಡ್ಡೆ ಉಪ್ಪನ್ನಷ್ಟೇ ಆರಿಸಿ ಕುಡಿಯುವುದಿಲ್ಲ, ಉಪ್ಪುನೀರನ್ನು ಹೀರುತ್ತದೆ, ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ಬಿಸಿನೀರೂ ಮಸಾಲೆಯೂ ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ದಾರಿ.

ಜೋಳದ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಿ ತಿನ್ನುವಾಗ ನೆತ್ತಿ ಬೆವರುವುದಕ್ಕೂ ಒಂದು ಕಾರಣವಿದೆ. ನಾಲಿಗೆಯ ನರಗಳಲ್ಲಿ ಬಿಸಿ ಗುರುತಿಸುವ ಒಂದು ಗ್ರಾಹಕವಿದೆ. ಸಾಮಾನ್ಯವಾಗಿ ಅದು ಎಚ್ಚರಗೊಳ್ಳುವುದು ಸುಮಾರು 43 ಡಿಗ್ರಿಗೆ, ಕಲಬುರಗಿಯ ಮೇ ತಿಂಗಳಿಗೆ ಚೆನ್ನಾಗಿ ಪರಿಚಯವಿರುವ ಅಂಕಿ. ಕ್ಯಾಪ್ಸೈಸಿನ್ ಅದಕ್ಕೆ ಅಂಟಿಕೊಂಡರೆ ಬಾಯಿ ತಂಪಾಗಿದ್ದಾಗಲೂ ಸುಡುತ್ತಿದೆ ಎಂದೇ ಮಿದುಳಿಗೆ ಸುದ್ದಿ ಹೋಗುತ್ತದೆ, ಮೈ ಬೆವರಿ ತಂಪಾಗಲು ನೋಡುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಸಾರು ಬಿಸಿಯಾಗಿದ್ದಷ್ಟೂ ಖಾರ ಹೆಚ್ಚೆನಿಸುವುದು ಇದೇ ಕಾರಣಕ್ಕೆ. ನೀರು ಕುಡಿದರೆ ಉರಿ ಬಾಯಿತುಂಬ ಹರಡುತ್ತದೆ. ಹಾಲು, ಮೊಸರು ಮೇಲು, ಹಾಲಿನ ಕೇಸೀನ್ ಖಾರವನ್ನು ಹಿಡಿದು ಕೆಳಗಿಳಿಸುತ್ತದೆ. ಊಟದ ಮೇಲೆ ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣು ಸಿಕ್ಕರೆ ಬಿಡಬೇಡಿ. ಅದು ಉರಿ ಕಳೆಯುತ್ತದೆ ಎಂಬುದಕ್ಕೆ ಆಧಾರ ನನ್ನ ಬಾಯಿಯೊಂದೇ.

ಉಳಿದ ಸಾರು ಮರುದಿನ ಇನ್ನೂ ರುಚಿ ಎನ್ನುತ್ತಾರೆ, ನಿಜ. ಆದರೆ ರಾತ್ರಿಯಿಡೀ ಒಲೆಕಟ್ಟೆಯ ಮೇಲೆ ಬಿಟ್ಟದ್ದಲ್ಲ. ಬೇಯಿಸಿದ ಮಾಂಸ ಹೊರಗಿರಬಹುದಾದದ್ದು ಎರಡು ಗಂಟೆ. ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ, ಅಂದರೆ ನಮ್ಮಲ್ಲಿ ಫೆಬ್ರುವರಿಯಿಂದಲೇ ಲೆಕ್ಕ ಒಂದು ಗಂಟೆಯದು. ದೊಡ್ಡ ಪಾತ್ರೆ ಬೇಗ ಆರುವುದಿಲ್ಲ, ಅಗಲ ಡಬ್ಬಿಗಳಿಗೆ ಹಂಚಿ ಫ್ರಿಜ್ಜಿಗೆ ಸೇರಿಸಿ. ಮರುದಿನ ಬೇಕಾದಷ್ಟನ್ನೇ ತೆಗೆದು, ಗುಳ್ಳೆ ಬಂದು ಕುದಿಯುವ ತನಕ ಕಾಯಿಸಿ. ಗಟ್ಟಿಯಾಗಿದ್ದರೆ ಆಗ ಬಿಸಿನೀರು ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು.